ಮೂಗುಬೊಟ್ಟು ಬರೆದ ಫೋಟೋ

ಮೈಸೂರಿನಲ್ಲಿ ಬೆಳಗಿನ ಶಿವಮೊಗ್ಗ ರೈಲು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಎರಡು ಸೀರೆ ತುರುಕಿದ ಒಂದು ಚೀಲ, ಒಂದೂವರೆ ಅಡಿ ಉದ್ದದ ಒಂದು ರಟ್ಟಿನ ಕೊಳವೆ. ಕಡೂರಿನ ಟಿಕೆಟ್ಟಿಗೆ ನೂರರ ನೋಟು ಕೊಟ್ಟೆ, ಚಿಲ್ಲರೆ ಒಂದಿಷ್ಟು ವಾಪಸ್ಸು ಬಂತು. ಎದುರು ಸೀಟಿನ ಹೆಂಗಸು ಹೊಳೆನರಸೀಪುರದವರೆಗೂ ಕೊಳವೆಯನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ ಅದರಲ್ಲಿ ಏನಿದೆ ಎಂದು ಕೇಳಿದಳು. ಫೋಟೋ ಎಂದೆ. ಯಾರದು ಎಂದಳು. ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟವಿತ್ತು. ನೆಂಟರದ್ದು ಎಂದು ಮಾತು ಮುಗಿಸಿದೆ. ಅರಸೀಕೆರೆಯಲ್ಲಿ ಇಡ್ಲಿ ತಿಂದೆ. ಸುತ್ತ ಕಣ್ಣು ಹಾಯುವಷ್ಟು ದೂರ ತೆಂಗಿನ ಮರ, ಚಟ್ನಿಯಲ್ಲಿ ಮಾತ್ರ ಹುರಿಗಡಲೆಯದೇ ದರಬಾರು.

ನಾನು ಕಡೂರಿನಲ್ಲಿ ಹುಟ್ಟಿ ಬೆಳೆದವಳು. ನಮ್ಮಪ್ಪ ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಹದಿನಾರನೇ ವಯಸ್ಸಿಗೆ ನನ್ನನ್ನು ಟಚಿಂಗ್ ಕೆಲಸಕ್ಕೆ ಕೂರಿಸಿದರು. ಟಚಿಂಗ್ ಎಂದರೆ ಬೇರೇನೂ ಅಲ್ಲ, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಮುಖ ತಿದ್ದುವುದು. ಸಿಡುಬಿನ ಕಲೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಕಿವಿಯಲ್ಲಿ ಇಲ್ಲದ ಓಲೆಯನ್ನು ಇದ್ದ ಹಾಗೆ ಮಾಡುವುದು. ನೆಗೆಟಿವ್ ಮೇಲೆ ಒಂದು ಕಪ್ಪು ಚುಕ್ಕಿ ಇಟ್ಟರೆ ಫೋಟೋದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ನೋಡುವವರು ಅದನ್ನು ಹರಳು ಎಂದುಕೊಳ್ಳುತ್ತಾರೆ. ಮದುವೆಯಾಗಿ ಮೈಸೂರಿಗೆ ಹೋಗುವ ತನಕ ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟು ಹುಡುಗಿಯರಿಗೆ ನಾನು ಬಿಟ್ಟಿ ಹರಳು ಹಂಚಿದ್ದೇನೋ ಲೆಕ್ಕವಿಲ್ಲ. ಆ ಹರಳು ನೋಡಿ ಒಪ್ಪಿದ ಗಂಡುಗಳು ಆಮೇಲೆ ಏನಂದರೋ ನನಗೆ ಗೊತ್ತಿಲ್ಲ.

ಒಂದು ತಿಂಗಳ ಹಿಂದೆ ಅಜ್ಜಂಪುರದ ಹತ್ತಿರದ ಹಳ್ಳಿಯಿಂದ ಲೋಕೇಶಪ್ಪ ಎನ್ನುವವರು ಫೋನ್ ಮಾಡಿದರು. ನಲವತ್ತಾರು ವರ್ಷದ ರೈತ. ಅವರಿಗೆ ಏಳು ತಿಂಗಳಾಗಿದ್ದಾಗ ತಾಯಿ ಗಂಗಮ್ಮ ತೀರಿಕೊಂಡರಂತೆ. ದೇವರ ಗೂಡಿನ ಪಕ್ಕ ತಾಯಿಯ ಫೋಟೋ ಇದೆ, ಗೋಡೆಯ ತೇವ ಹತ್ತಿ ಒಂದು ಮೂಲೆ ಕರಗಿ ಹೋಗಿದೆ. ಮಗಳ ಮದುವೆ ಗೊತ್ತಾಗಿದೆ, ಅದಕ್ಕೆ ಮೊದಲು ಹಿರಿಯರಿಗೆ ಎಡೆ ಇಡಬೇಕು, ತಾಯಿಯ ಮುಖವೇ ಅಳಿಸಿ ಹೋದರೆ ಯಾರ ಮುಂದೆ ಇಡಲಿ ಎಂದರು. ಫೋಟೋದ ಹಿಂದೆ ನಮ್ಮ ಸ್ಟುಡಿಯೋದ ಮೊಹರು ಇತ್ತಂತೆ. ಅವರಿವರನ್ನು ಕೇಳಿ ನನ್ನ ನಂಬರು ಹುಡುಕಿದ್ದರು.

ಅಪ್ಪನ ನೆಗೆಟಿವ್‌ಗಳು ಹಳೆಯ ಬಿಸ್ಕತ್ತಿನ ಡಬ್ಬಗಳಲ್ಲಿ ನನ್ನ ಹತ್ತಿರವೇ ಇವೆ. ಎರಡು ದಿನ ಹುಡುಕಿದ ಮೇಲೆ ಗಂಗಮ್ಮನ ಹೆಸರಿನ ಲಕೋಟೆ ಸಿಕ್ಕಿತು. ಒಳಗೆ ಎರಡು ನೆಗೆಟಿವ್, ಅಂಗೈ ಅಗಲದ ಒಂದು ಹಳೆಯ ಪ್ರಿಂಟು. ಮೇಲೆ ಅಪ್ಪನ ಅಕ್ಷರ: "ಗಂಗಮ್ಮ (ದಿವಂಗತ). ಕೂತವಳು ತಂಗಿ ಪಾರ್ವತಿ." ಓದಿದ ತಕ್ಷಣ ಆ ದಿನ ಪೂರ್ತಿ ನೆನಪಾಯಿತು. ಬದುಕಿದ್ದಾಗ ಗಂಗಮ್ಮ ಒಂದು ಫೋಟೋವನ್ನೂ ತೆಗೆಸಿರಲಿಲ್ಲ. ಲೋಕೇಶಪ್ಪ ಇಷ್ಟು ವರ್ಷ ತಾಯಿ ಎಂದು ಹೂ ಮುಡಿಸಿ ಕೈಮುಗಿದದ್ದು ಚಿಕ್ಕಮ್ಮನ ಮುಖಕ್ಕೆ.

ಫೋನಿನಲ್ಲಿ ಮೆಲ್ಲಗೆ ಕೇಳಿ ನೋಡಿದೆ, ನಿಮ್ಮ ತಾಯಿಗೆ ಒಬ್ಬ ತಂಗಿ ಇದ್ದರಲ್ಲ ಎಂದು. ಅಮೃತಾಪುರದಲ್ಲಿ ಇದ್ದಾರಂತೆ, ನಮಗೂ ಅವರಿಗೂ ಬಳಕೆ ಇಲ್ಲ ಎಂದು ಅವರು ಮಾತು ಕತ್ತರಿಸಿದರು. ನೆಗೆಟಿವ್‌ಗಳನ್ನು ಮೈಸೂರಿನ ಲ್ಯಾಬಿಗೆ ಕೊಟ್ಟೆ. ದೊಡ್ಡ ಪ್ರಿಂಟನ್ನು ಅವರು ಸುರುಳಿ ಸುತ್ತಿ ಕೊಳವೆಗೆ ಹಾಕಿ ಬಾಯಿ ಅಂಟಿಸಿ ಕೊಟ್ಟರು. ಅಂಚೆಗೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಹೇಳಬೇಕೋ ಬೇಡವೋ ಎಂಬುದು ನನ್ನೊಬ್ಬಳ ತೀರ್ಮಾನ ಅಲ್ಲ. ಮೊದಲು ಪಾರ್ವತಿಯನ್ನು ನೋಡುವುದು, ಆಮೇಲೆ ಅಜ್ಜಂಪುರಕ್ಕೆ ಹೋಗುವುದು ಎಂದುಕೊಂಡು ಹೊರಟೆ.

ಕಡೂರಿಗೆ ಇಳಿದಾಗ ಹನ್ನೊಂದು ಗಂಟೆ. ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇತ್ತು, ಬಿಸಿಲು ಮಾತ್ರ ಆಗಲೇ ಬಂದು ಕೂತಿತ್ತು. ಸ್ಟೇಷನ್ನಿನಿಂದ ನಡೆದೇ ಹೋದೆ. ಕೊಬ್ಬರಿ ಮಂಡಿಗಳ ಹತ್ತಿರ ಬಂದಾಗ ಆ ಎಣ್ಣೆವಾಸನೆ ಮೂಗಿಗೆ ಬಡಿದು, ಸುಮ್ಮನೆ ಐದು ನಿಮಿಷ ರಸ್ತೆ ಪಕ್ಕ ನಿಂತೆ. ಊರು ಬದಲಾಗಿದೆ ಎಂದು ಎಲ್ಲರೂ ಬರೆಯುತ್ತಾರೆ, ನಾನೇನು ಬರೆಯಲಿ. ವಾಸನೆ ಬದಲಾಗಿಲ್ಲ.

ನಮ್ಮ ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಂಗಡಿಯಾತ ಒಳ್ಳೆಯ ಮನುಷ್ಯ, ಏನೂ ಕೊಳ್ಳದಿದ್ದರೂ ಸ್ಟೂಲು ಕೊಟ್ಟ. ಆತ ಚಾರ್ಜರು ನೇತುಹಾಕಿದ್ದ ಗೋಡೆಯ ಮೇಲೆ ಒಂದು ಕಾಲಕ್ಕೆ ನಮ್ಮ ಪರದೆ ಇತ್ತು: ಬೆಟ್ಟ, ಸರೋವರ, ಎರಡು ಹಂಸ. ಎಡಗಡೆ ಆಳೆತ್ತರದ ಕನ್ನಡಿ. ಪಕ್ಕದಲ್ಲಿ ಗಿರಾಕಿಗಳಿಗೆಂದೇ ಇಟ್ಟ ಸಾಮಾನು: ಓಡದ ಒಂದು ಕೈಗಡಿಯಾರ, ಸೆಲ್ ಇಲ್ಲದ ಒಂದು ಟ್ರಾನ್ಸಿಸ್ಟರು, ಬಣ್ಣದ ಪ್ಲಾಸ್ಟಿಕ್ ಹೂ, ಒಂದು ಕರೀ ಕೋಟು. ಕೋಟಿನ ಬಲ ಮೊಣಕೈ ಹರಿದಿತ್ತು. ಅದಕ್ಕೇ ನಮ್ಮಲ್ಲಿ ಫೋಟೋ ತೆಗೆಸಿದ ಗಂಡಸರೆಲ್ಲ ಬಲಗೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಾರೆ. ಮೂರು ಊರಿನ ಗಂಡಸರು ಒಂದೇ ಕೋಟಿನಲ್ಲಿ ದೊಡ್ಡ ಮನುಷ್ಯರಾದರು.

ಪಾರ್ವತಿ ಬಂದದ್ದು ಒಂದು ಸಂತೆ ದಿನ. ಸಂತೆ ದಿನ ಎಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಬೆಳಿಗ್ಗೆಯೇ ಬೆಲ್‌ಬಾಟಮ್ ತೊಟ್ಟ ಮೂವರು ಬಂದು, ಕಿವಿ ಮುಚ್ಚುವ ಕ್ರಾಪಿಗೆ ನೀರು ಹಚ್ಚಿ ಬಾಚಿ, ಟ್ರಾನ್ಸಿಸ್ಟರು ಕಿವಿಗೆ ಹಿಡಿದು ಫೋಟೋ ತೆಗೆಸಿಕೊಂಡು ಮ್ಯಾಟಿನಿಗೆ ಓಡಿದರು. ಹೊಸದಾಗಿ ಮದುವೆಯಾದ ಒಂದು ಜೋಡಿ, ನಡುವೆ ಒಂದು ಮಾರು ಜಾಗ ಬಿಟ್ಟು ಕೂತಿತ್ತು. ಎದುರು ಹೋಟೆಲಿನ ರೇಡಿಯೋದಲ್ಲಿ ಕೃಷಿಕರಿಗೆ ಸಲಹೆ ಮುಗಿದು ಚಿತ್ರಗೀತೆ ಶುರುವಾಗಿತ್ತು. ಆಗ ಅಜ್ಜಂಪುರ ಕಡೆಯ ಒಬ್ಬ ಅಜ್ಜಿ ಹದಿನೇಳರ ಹುಡುಗಿಯನ್ನು ಕೈಹಿಡಿದು ಕರೆತಂದಳು. ಅಜ್ಜಿಯ ಕಂಕುಳಲ್ಲಿ ಬಟ್ಟೆ ಗಂಟು. ಸೊಸೆ ಸತ್ತು ಎರಡು ತಿಂಗಳಾಯಿತು, ಒಂದು ಫೋಟೋ ಇಲ್ಲ, ಮಗು ನಾಳೆ ಅವ್ವ ಎಲ್ಲಿ ಅಂದರೆ ಏನು ತೋರಿಸೋದು ಎಂದು ಅಪ್ಪನ ಮುಂದೆ ಅತ್ತಳು. ಅಕ್ಕ ತಂಗಿ ಅಚ್ಚು ಒಂದೇ, ಇವಳನ್ನೇ ಕೂರಿಸಿ ಅವಳನ್ನು ಮಾಡಿಕೊಡಿ ಎಂದಳು. ಆ ಕಾಲಕ್ಕೆ ಇದೇನೂ ಹೊಸದಲ್ಲ. ಹೀಗೆ ತಮ್ಮನನ್ನು ಕೂರಿಸಿ ಅಣ್ಣನನ್ನು, ಮಗಳನ್ನು ಕೂರಿಸಿ ತಾಯಿಯನ್ನು ಅಪ್ಪ ಎಷ್ಟೋ ಮನೆಗೆ ಮಾಡಿಕೊಟ್ಟಿದ್ದರು. ಒಂದೇ ನೇಮ: ಕೂತವರು ಆ ಫೋಟೋ ನೋಡಬಾರದು, ಆಯುಸ್ಸು ಕಮ್ಮಿಯಾಗುತ್ತದೆ ಎಂದು ಜನ ನಂಬಿದ್ದರು.

ಒಳಕೋಣೆಯಲ್ಲಿ ಆ ಹುಡುಗಿಗೆ ಸತ್ತ ಅಕ್ಕನ ಧಾರೆಸೀರೆ ಉಡಿಸಿದವಳು ನಾನು. ನೆರಿಗೆ ಹಿಡಿಯುವಾಗ ಅವಳು ನಡುಗುತ್ತಿದ್ದಳು. ಅಳು ಇರಬೇಕು ಎಂದುಕೊಂಡೆ, ನೋಡಿದರೆ ಸಿಟ್ಟು. ಅಕ್ಕನ ಗಂಡನಿಗೆ ಅವಳನ್ನೇ ಕೊಟ್ಟು ಮದುವೆ ಮಾಡುವ ಮಾತು ಎರಡೂ ಮನೆಯಲ್ಲಿ ನಡೆದಿತ್ತು. ಅವಳು ನನ್ನ ಕಿವಿಯ ಹತ್ತಿರ ಬಂದು, "ಫೋಟೋಕ್ಕೆ ಕೂತ್ಕತ್ತೀನಿ ಕಣಕ್ಕ, ಆ ಮನೇಲಿ ಕೂರಕ್ಕಾಗಲ್ಲ" ಎಂದಳು. ನನಗೂ ಆಗ ಹತ್ತೊಂಬತ್ತು. ಸೆರಗು ಸರಿಮಾಡಿದೆ, ಅಷ್ಟೆ.

ಗಂಗಮ್ಮ ಸಾಯುವ ತನಕ ಬಿಳಿ ಹರಳಿನ ಮೂಗುಬೊಟ್ಟು ಇಟ್ಟಿದ್ದಳಂತೆ. ಪಾರ್ವತಿಯ ಮೂಗು ಚುಚ್ಚಿರಲಿಲ್ಲ. ಮಗಳು ಬರೀತಾಳೆ ಬಿಡಿ ಎಂದು ಅಪ್ಪ ಅಜ್ಜಿಗೆ ಸಮಾಧಾನ ಹೇಳಿದರು. ಅವಳು ತುಟಿ ಬಿಗಿಹಿಡಿದು ಕೂತಳು, ಅಪ್ಪ ಫೋಟೋ ತೆಗೆದರು. ಸೀರೆ ಬಿಚ್ಚಿ ತನ್ನ ಲಂಗ ದಾವಣಿ ಹಾಕಿಕೊಂಡು ಅವಳು ಹೊರಗೆ ಬರುವ ಹೊತ್ತಿಗೆ ಯಗಟಿ ಕಡೆಯ ಒಬ್ಬ ಕುರಿಯವರ ಯಜಮಾನ, ಕಾಳಗದಲ್ಲಿ ಗೆದ್ದ ತನ್ನ ಟಗರನ್ನು ಹಿಡಿದುಕೊಂಡು ಅದರ ಜೊತೆ ಫೋಟೋ ಬೇಕೆಂದು ಒಳಗೆ ನುಗ್ಗಿದ್ದ. ಟಗರು ನಮ್ಮ ಕನ್ನಡಿಯಲ್ಲಿ ಇನ್ನೊಂದು ಟಗರನ್ನು ಕಂಡಿತು. ಎರಡು ಹೆಜ್ಜೆ ಹಿಂದೆ ಹೋಗಿ ಗುದ್ದಿದ ಗುದ್ದಿಗೆ ಕನ್ನಡಿ ಮೇಲಿಂದ ಕೆಳಗೆ ಸೀಳಿತು. ಕನ್ನಡಿ ಹೋಯಿತೆಂದು ನಾವು ತಲೆಮೇಲೆ ಕೈಹೊತ್ತರೆ, ಎರಡು ಜಡೆ ಹಾಕಿದ್ದ ಪಾರ್ವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಆ ಗಡಿಬಿಡಿಯಲ್ಲೂ ಕ್ಯಾಮೆರಾ ತಿರುಗಿಸಿ ಆ ನಗುವನ್ನು ಹಿಡಿದರು. ಇದು ನಿನಗೆ ಬಿಟ್ಟಿ, ಮುಂದಿನ ಸಂತೆಗೆ ಬಂದು ತಗೊಂಡು ಹೋಗಮ್ಮ ಎಂದರು. ಅವಳು ಬರಲೇ ಇಲ್ಲ.

ಮೊಬೈಲ್ ಅಂಗಡಿಯಿಂದ ಎದ್ದು, ಆ ರಾತ್ರಿ ಚಿಕ್ಕಪ್ಪನ ಮಗಳ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ತರೀಕೆರೆ ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ಕಾರ್ಡನ್ನೂ ನನ್ನ ಮುಖವನ್ನೂ ಎರಡು ಸಲ ನೋಡಿ, "ಇದು ನೀವೇನಾ ತಾಯಿ" ಎಂದು ಕೇಳಿದ. ಊರಿನವರ ಮುಖವೆಲ್ಲ ತಿದ್ದಿದ ನನಗೇ ಈ ಗತಿ ಬಂತಲ್ಲ ಎಂದು ನಗು ಬಂತು. ಬೀರೂರು ದಾಟಿ ಮುಂದೆ ಹೋದ ಹಾಗೆ ತೆಂಗಿನ ಜೊತೆ ಅಡಿಕೆ ಕಾಣಿಸತೊಡಗಿತು. ಒಂದು ಗಂಟೆಯ ದಾರಿ.

ತರೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಳೆಯ ಹೋಟೆಲಿನಲ್ಲಿ ಖಾಲಿ ದೋಸೆ ತಿಂದೆ, ಕಾಫಿ ಕುಡಿದೆ. ಗಲ್ಲಾಪೆಟ್ಟಿಗೆಯ ಮೇಲೆ ಒಂದು ಫೋಟೋ. ಕರೀ ಕೋಟು, ಬಲಗೈ ಹಿಂದೆ. ಹತ್ತಿರ ಹೋಗಿ ನೋಡಿದೆ, ನಮ್ಮ ಕೋಟೇ. ಮಾಲೀಕರು ಹೆಮ್ಮೆಯಿಂದ, ನಮ್ಮ ತಂದೆ, ಆ ಕಾಲಕ್ಕೇ ಸೂಟು ಹೊಲಿಸಿದ್ದರು ಎಂದರು. ಬಟ್ಟೆ ಬಹಳ ಚೆನ್ನಾಗಿದೆ ಎಂದೆ. ಒಂದು ಸಣ್ಣ ಸುಳ್ಳನ್ನು ಉಳಿಸಿಕೊಟ್ಟ ಖುಷಿಯಲ್ಲಿ ಅಮೃತಾಪುರದ ಖಾಸಗಿ ಬಸ್ಸು ಹತ್ತಿದೆ. ಅದರಲ್ಲಿ ನನ್ನ ಆಧಾರ್ ನಡೆಯಲಿಲ್ಲ, ದುಡ್ಡು ಕೊಟ್ಟೆ.

ಅಮೃತಾಪುರದ ಹಳೆಯ ದೇವಸ್ಥಾನದ ಮುಂದೆ ಎರಡು ಮೂರು ಹಣ್ಣುಕಾಯಿ ಅಂಗಡಿ. ಪಾರ್ವತಮ್ಮ ಎಂದರೆ ಯಾರೆಂದು ಕೇಳುವ ಮೊದಲೇ ಗುರುತು ಹಿಡಿದೆ. ಅರವತ್ತು ದಾಟಿದ ಮುಖ, ಕೂದಲು ಬೆಳ್ಳಗಾಗಿದೆ, ಹಲ್ಲು ಎರಡು ಹೋಗಿವೆ. ಹುಬ್ಬು ಅದೇ. ಮೂಗು ಇವತ್ತಿಗೂ ಚುಚ್ಚಿಲ್ಲ. ಕಡೂರಿನ ಫೋಟೋ ಅಂಗಡಿಯವರ ಮಗಳು ಎಂದಾಗ ಅವಳು ಕೈಲಿದ್ದ ತೆಂಗಿನಕಾಯಿ ಕೆಳಗಿಟ್ಟು ಕೇಳಿದ ಮೊದಲ ಮಾತು, ಟಗರು ಒಡೆದ ಕನ್ನಡಿ ಏನಾಯಿತು ಎಂದು. ಆಮೇಲೆ ಇಪ್ಪತ್ತು ವರ್ಷ ಸೀಳು ಕನ್ನಡಿಯಲ್ಲೇ ಜನ ತಲೆ ಬಾಚಿಕೊಂಡರು ಎಂದೆ. ಇಬ್ಬರೂ ನಕ್ಕೆವು. ಕನ್ನಡಿಯಿಂದ ಅಪ್ಪನ ಮಾತು ಬಂತು, ಅಪ್ಪ ಇಲ್ಲ ಎಂದೆ, ಅವಳು ಮಜ್ಜಿಗೆ ತಂದುಕೊಟ್ಟಳು.

ಮದುವೆಗೆ ಒಲ್ಲೆ ಎಂದ ಮೇಲೆ ಆದದ್ದನ್ನು ಅವಳು ಅಂಗಡಿಗೆ ಬಂದವರಿಗೆ ತಟ್ಟೆ ಜೋಡಿಸಿ ಕೊಡುತ್ತಲೇ ಹೇಳಿದಳು. ಅಕ್ಕನ ಮನೆಯವರು ಬಾಗಿಲು ಮುಚ್ಚಿದರು. ಮಗುವನ್ನು ನೋಡಲು ಎರಡು ಸಲ ಹೋದಾಗ ಎರಡು ಸಲವೂ ಅಂಗಳದಿಂದಲೇ ಹಿಂದಕ್ಕೆ ಕಳಿಸಿದರು. ನಾಲ್ಕು ವರ್ಷ ಬಿಟ್ಟು ಇಲ್ಲಿಯ ಒಬ್ಬ ಸಾಧು ಮನುಷ್ಯನ ಜೊತೆ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆ ಸೇರಿದ್ದಾರೆ, ಗಂಡ ತೋಟಕ್ಕೆ ಹೋಗಿದ್ದಾನೆ. ಅಕ್ಕನ ಮಗನನ್ನು ಏಳು ತಿಂಗಳ ಕೂಸಾಗಿದ್ದಾಗ ಎತ್ತಿಕೊಂಡದ್ದೇ ಕೊನೆ. ಇಲ್ಲಿಂದ ಅವನ ಊರಿಗೆ ಎರಡು ಬಸ್ಸಿನ ದಾರಿ.

ಲಕೋಟೆಯಲ್ಲಿದ್ದ ಹಳೆಯ ಪ್ರಿಂಟನ್ನು ತೆಗೆದೆ. ನೋಡುತ್ತೀಯಾ, ಬೇಡವಾ ಎಂದು ಕೇಳಿದೆ. ಅರವತ್ತೆರಡಾಯಿತು, ಇನ್ನು ಎಷ್ಟು ಆಯುಸ್ಸು ಕಮ್ಮಿಯಾದೀತು ಕೊಡು ಎಂದು ಕೈಚಾಚಿದಳು. ಬಿಸಿಲಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಎದುರಿಗೆ ಪ್ರವಾಸಿಗಳು ಕಂಬದ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದರು.

"ಅಕ್ಕನ್ನ ಹುಡುಕ್ತಾ ಇದೀನಿ, ನಾನೇ ಸಿಗ್ತಾ ಇದೀನಿ" ಎಂದಳು. "ಅವ್ಳ ಮುಖ ನಂಗೂ ಮರ್ತೋಗೈತೆ ಕಣಕ್ಕ. ಜನ ಒಂದೇ ಥರ ಅಂತಿದ್ರು. ಮೂಗು ಬೇರೆ ಇತ್ತು. ಅವ್ಳದು ತುದಿ ಒಂಚೂರು ಮೇಲಕ್ಕೆದ್ದಿತ್ತು, ನಾನು ರೇಗುಸ್ತಿದ್ದೆ."

ಲ್ಯಾಬಿನಲ್ಲಿ ಸಣ್ಣದಾಗಿ ಮಾಡಿಸಿದ್ದ ಎರಡು ಜಡೆಯ ನಗುವ ಫೋಟೋವನ್ನೂ ಕೊಟ್ಟೆ. ಅದನ್ನು ನೋಡಿ, ಬಿಡು ಇವಳ್ಯಾರೋ ಪೋಲಿ ಹುಡುಗಿ ಎಂದು ನಕ್ಕು ಸೆರಗಿನಲ್ಲಿ ಒರೆಸಿ ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡಳು. ಆಮೇಲೆ ನಾನು ಬಂದ ಕಾರಣ ಹೇಳಿದೆ. ಲೋಕೇಶಪ್ಪನ ಮಗಳಿಗೆ ಮದುವೆ ಗೊತ್ತಾಗಿದೆ, ಅವನಿಗೆ ನಿಜ ಹೇಳಿದರೆ ನಿನ್ನನ್ನೂ ಕರೆಯಬಹುದು, ಏನು ಮಾಡಲಿ ಎಂದು ಕೇಳಿದೆ. ಅವಳು ತಕ್ಷಣ ತಲೆಯಾಡಿಸಿದಳು.

"ಹೇಳ್ಬೇಡ. ಅವ್ನಿಗೆ ಇರೋದು ಅದೊಂದು ಮುಖ. ಅದನ್ನೂ ಕಿತ್ಕಂಡ್ರೆ ಏನುಳಿತೈತೆ? ಆ ಮಗೂಗೆ ನಾನು ಕೊಟ್ಟಿದ್ದು ಅದೊಂದೇ."

ಹೇಳುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಹೊರಡುವಾಗ ಅವಳು ಪಕ್ಕದ ಅಂಗಡಿಯಿಂದ ಒಂದು ಡಜನ್ ಹಸಿರು ಗಾಜಿನ ಬಳೆ ತಂದು ಕಾಗದದಲ್ಲಿ ಸುತ್ತಿ ಕೊಟ್ಟಳು. ಮದುಮಗಳಿಗೆ ಕೊಡು, ಯಾರು ಕೊಟ್ಟರು ಅಂದರೆ ಫೋಟೋ ಅಂಗಡಿಯವರು ಅನ್ನು ಎಂದಳು. ಬಸ್ಸು ತಿರುಗುವ ತನಕ ಅಂಗಡಿಯ ಮುಂದೆ ಬಿಸಿಲಿನಲ್ಲೇ ನಿಂತಿದ್ದಳು.

ವಾಪಸ್ಸು ತರೀಕೆರೆಗೆ ಬಂದು ಮಧ್ಯಾಹ್ನದ ಅಜ್ಜಂಪುರದ ಬಸ್ಸು ಹಿಡಿದೆ. ಅಜ್ಜಂಪುರ ಹತ್ತಿರವಾದ ಹಾಗೆ ನೆಲ ಕಪ್ಪಾಗುತ್ತದೆ, ಮರ ಕಮ್ಮಿಯಾಗಿ ಬಯಲು ಬಿಚ್ಚಿಕೊಳ್ಳುತ್ತದೆ. ಈರುಳ್ಳಿ ಮೂಟೆಗಳ ಜೊತೆ ಬಸ್ಸಿನಲ್ಲಿ ನಾನೂ ಒಂದು ಮೂಟೆಯಾಗಿ ಕೂತಿದ್ದೆ. ಕೊಟ್ಟ ಮಾತು ಸುಲಭದ್ದು, ಬಾಯಿ ಮುಚ್ಚಿಕೊಂಡು ಫೋಟೋ ಕೊಟ್ಟು ಬರುವುದು. ಬಸ್ ಸ್ಟ್ಯಾಂಡಿಗೆ ಲೋಕೇಶಪ್ಪ ಬೈಕು ತಂದಿದ್ದರು. ಅವರ ಮುಖದಲ್ಲಿ ನಮ್ಮ ಫೋಟೋದ ಹೋಲಿಕೆ ಹುಡುಕಿದೆ, ಸಿಗಲಿಲ್ಲ. ತಂದೆಯ ಕಡೆಯ ಮುಖ ಇರಬೇಕು ಎಂದುಕೊಂಡೆ. ಕೊಳವೆಯನ್ನು ಎದೆಗೆ ಅವುಚಿಕೊಂಡು ಹಿಂದೆ ಕೂತೆ.

ಮನೆಯಲ್ಲಿ ಅವರ ಹೆಂಡತಿ, ಮದುಮಗಳು ಚೈತ್ರ. ಬಿ.ಎಡ್. ಓದುತ್ತಿರುವ ಹುಡುಗಿ. ಕೈಕಾಲು ತೊಳೆಯಲು ನೀರು, ಆಮೇಲೆ ಉಪ್ಪಿಟ್ಟು, ಬಾಳೆಹಣ್ಣು, ಕಾಫಿ. ನಡುಮನೆಯ ಗೋಡೆಯಲ್ಲಿ ತಂದೆಯ ಫೋಟೋ: ಕರೀ ಕೋಟು, ಬಲಗೈ ಹಿಂದೆ. ದೇವರ ಗೂಡಿನ ಪಕ್ಕ ನಾನು ಬರೆದ ಫೋಟೋ. ಹಣೆಯ ಮೇಲಿನ ಗಾಜಿಗೆ ಕುಂಕುಮ, ಸುತ್ತ ಆ ದಿನ ಬೆಳಿಗ್ಗೆ ಹಾಕಿದ ಕನಕಾಂಬರದ ಹಾರ, ಎಡಮೂಲೆಗೆ ತೇವ. ನಲವತ್ತೈದು ವರ್ಷದ ಮೇಲೂ ಆ ಬಿಳಿ ಚುಕ್ಕಿ ಮೂಗಿನ ಮೇಲೆ ಫಳಫಳ ಎನ್ನುತ್ತಿತ್ತು. ಕೆಲಸ ಚೆನ್ನಾಗಿ ಮಾಡಿದ್ದೆ ಎಂದು ಒಂದು ಕ್ಷಣ ಹೆಮ್ಮೆಪಟ್ಟದ್ದು ಸುಳ್ಳಲ್ಲ.

ಅಪ್ಪ ಮತ್ತೆ ಮದುವೆಯಾಗಲಿಲ್ಲ, ಅಜ್ಜಿಯೇ ಸಾಕಿದಳು, ಇಬ್ಬರೂ ಈಗಿಲ್ಲ ಎಂದು ಲೋಕೇಶಪ್ಪ ಹೇಳಿದರು. ಶಾಲೆಗೆ ಹೋಗುವಾಗ ಈ ಫೋಟೋಕ್ಕೆ ಹೇಳಿಯೇ ಹೋಗುತ್ತಿದ್ದರಂತೆ. ಪರೀಕ್ಷೆಯ ನಂಬರು, ಜ್ವರ, ಹೊಲದ ತಕರಾರು, ಮಗಳು ಹುಟ್ಟಿದ ಸುದ್ದಿ ಎಲ್ಲ ಮೊದಲು ಇಲ್ಲಿಗೆ. ಆಮೇಲೆ ಅವರೇ ಚಿಕ್ಕಮ್ಮನ ಮಾತು ತೆಗೆದರು. ಫೋನಿನಲ್ಲಿ ನಾನು ಕೇಳಿದ್ದು ಮನಸ್ಸಿನಲ್ಲಿ ಉಳಿದಿತ್ತು ಎಂದು ಕಾಣುತ್ತದೆ. ಏಳು ತಿಂಗಳ ಕೂಸನ್ನು ನೋಡಿಕೊಳ್ಳಲು ಬಾರದವಳು, ಕರುಳೇ ಇಲ್ಲದ ಹೆಂಗಸು ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳಂತೆ. ಮದುವೆ ಕಾಗದ ಊರಿಗೆಲ್ಲ ಕೊಡುತ್ತಿದ್ದೇನೆ, ಅವರೊಬ್ಬರಿಗೆ ಮಾತ್ರ ಇಲ್ಲ ಎಂದರು. ಆ ಫೋಟೋದ ಕೆಳಗೆ ನಿಂತೇ ಹೇಳಿದರು. ನಾನು ಕಾಫಿ ಲೋಟ ಕೆಳಗಿಟ್ಟೆ.

ಕೊಳವೆ ಬಿಚ್ಚಿದೆವು. ಚೈತ್ರ ನಾಲ್ಕು ಮೂಲೆಗೆ ಲೋಟ ಇಟ್ಟಳು. ಪ್ರಿಂಟು ಸ್ಫಟಿಕದ ಹಾಗೆ ಬಂದಿತ್ತು, ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತಿತ್ತು. ಲೋಕೇಶಪ್ಪ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು.

"ಅಮ್ಮನ ಮೂಗುಬೊಟ್ಟು ಎಲ್ಲೋಯ್ತು?"

ನನಗೆ ಒಂದೇ ನೋಟಕ್ಕೆ ಅರ್ಥವಾಯಿತು. ಲ್ಯಾಬಿನ ಕಂಪ್ಯೂಟರು ಹಳೆಯ ನೆಗೆಟಿವ್‌ನ ಧೂಳು ತೆಗೆಯುವಾಗ ನನ್ನ ಪೆನ್ಸಿಲ್ ಚುಕ್ಕಿಯನ್ನೂ ಧೂಳೆಂದು ತೆಗೆದುಹಾಕಿತ್ತು. ಅಂಟಿಸಿದ ಕೊಳವೆಯನ್ನು ಬಿಚ್ಚಿ ನೋಡದೆ ತಂದದ್ದು ನನ್ನ ತಪ್ಪು. ಟಚಿಂಗ್ ಮಾಡುವವಳು ಪ್ರಿಂಟು ನೋಡದೆ ಗಿರಾಕಿಗೆ ಕೊಟ್ಟಳು ಎಂದರೆ ಅಪ್ಪ ಎರಡು ದಿನ ಮಾತು ಬಿಡುತ್ತಿದ್ದರು. ಗಾಬರಿ ಪಡಬೇಡಿ, ಈಗಲೇ ಬರೆದುಕೊಡುತ್ತೇನೆ ಎಂದು ಚೈತ್ರಳ ಹತ್ತಿರ ವೈಟ್ನರ್ ಇಸಿದುಕೊಂಡೆ. ಬೆಂಕಿಕಡ್ಡಿಯ ತುದಿ ಚೂಪು ಮಾಡಿ ಅದ್ದಿ, ಕನ್ನಡಕ ಏರಿಸಿ ಬಗ್ಗಿದೆ.

"ಆವತ್ತೂ ನೀವೇ ಬರ್ದಿದ್ದಾ ಅಮ್ಮ?" ಎಂದರು ಲೋಕೇಶಪ್ಪ. ಹೌದು ಎಂದೆ.

"ಯಾಕೆ ಬರ್ದ್ರಿ? ಅಮ್ಮ ಸಾಯೋಗಂಟ ತೆಗ್ದೇ ಇರ್ಲಿಲ್ಲ ಅಂತಿದ್ಲು ಅಜ್ಜಿ."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಕು ಸಾಲದೆ ಹರಳು ಕಂಡಿರಲಿಲ್ಲ, ಅದಕ್ಕೆ ಬರೆದೆ ಎಂದರೆ ಮುಗಿಯುತ್ತಿತ್ತು. ತರೀಕೆರೆಯ ಸೂಟಿಗಿಂತ ದೊಡ್ಡ ಸುಳ್ಳೇನೂ ಅಲ್ಲ. ಆದರೆ ಕಣ್ಣ ಮುಂದೆ ಇದ್ದದ್ದು ಆ ಹುಡುಗಿಯ ಮುಖ, ತುಟಿ ಬಿಗಿಹಿಡಿದು ನಡುಗುತ್ತಿದ್ದ ಮುಖ. ಕರುಳಿಲ್ಲದವಳು ಎನ್ನಿಸಿಕೊಂಡು, ತನ್ನ ಮುಖವನ್ನೂ ಕೊಟ್ಟು, ಹೇಳಬೇಡ ಎಂದವಳು. ಬೆಂಕಿಕಡ್ಡಿ ಕೆಳಗಿಟ್ಟೆ.

"ಲೋಕೇಶಪ್ಪ, ಇವಳ ಮೂಗು ಚುಚ್ಚಿರಲಿಲ್ಲ ಕಣಪ್ಪ. ಇದು ನಿಮ್ಮ ಅಮ್ಮ ಅಲ್ಲ. ಅಮೃತಾಪುರದ ಚಿಕ್ಕಮ್ಮ."

ಉಳಿದದ್ದನ್ನೆಲ್ಲ ಹೇಳಿದೆ. ಧಾರೆಸೀರೆ, ಅಜ್ಜಿಯ ಅಳು, ಅಂಗಳದಿಂದ ಎರಡು ಸಲ ಹಿಂದಕ್ಕೆ ಕಳಿಸಿದ್ದು, ಅದೇ ಬೆಳಿಗ್ಗೆ ಅಮೃತಾಪುರದಲ್ಲಿ ಅವಳು ಹೇಳಬೇಡ ಎಂದದ್ದು ಕೂಡ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ಅವರ ಹೆಂಡತಿ ಎದ್ದು ಹೋಗಲಿಲ್ಲ.

ಲೋಕೇಶಪ್ಪ ನಿಧಾನವಾಗಿ ಗೂಡಿನ ಹತ್ತಿರ ಹೋದರು. ಕೋಪ ಬಂದು ಫೋಟೋ ತೆಗೆದು ಎಸೆಯುತ್ತಾರೋ ಎಂದು ನಾನು ಹೆದರಿದ್ದೆ. ಅವರು ಮೊದಲು ಮಾಡಿದ್ದು ಹಾರ ತೆಗೆದದ್ದು. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಗಾಜಿನ ಮೇಲಿನ ಕುಂಕುಮ ಒರೆಸಿದರು, ಚೂರೂ ಉಳಿಯದ ಹಾಗೆ ಒರೆಸಿದರು.

"ಬದ್ಕಿರೋರಿಗೆ ಹಾರ ಹಾಕ್ದೆ ನಾನು. ದಿನಾ ಹಾಕ್ದೆ" ಎಂದರು. ಹಾರವನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಅಷ್ಟು ದೊಡ್ಡ ಮನುಷ್ಯ, ದನಿ ಮಾತ್ರ ಮಗುವಿನದಾಗಿತ್ತು. "ಹಂಗಾರೆ ನಮ್ಮಮ್ಮನ್ನ ನಾನು ಎಲ್ಲಿ ನೋಡ್ಲಿ?"

ಗೊತ್ತಿದ್ದ ಒಂದು ಮಾತು ಹೇಳಿದೆ. ಅಮೃತಾಪುರದ ದೇವಸ್ಥಾನದ ಮುಂದೆ ಹಣ್ಣುಕಾಯಿ ಅಂಗಡಿ ಇದೆ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಾಳೆ ಎಂದೆ. ಹಸಿರು ಬಳೆ ತೆಗೆದು ಚೈತ್ರಳ ಕೈಗೆ ಕೊಟ್ಟೆ, ಯಾರು ಕೊಟ್ಟರು ಎಂಬುದನ್ನೂ ಹೇಳಿಬಿಟ್ಟೆ. ಒಂದು ಮಾತು ಮುರಿದ ಮೇಲೆ ಇನ್ನೊಂದನ್ನು ಉಳಿಸಿಕೊಂಡು ಏನು ಮಾಡಲಿ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬೈಕು ಇರಲಿಲ್ಲ. ಅವರ ಹೆಂಡತಿ ರೊಟ್ಟಿ, ಕಾಯಿಪಲ್ಯ ಬಡಿಸಿ, ಮದುವೆ ಕಾಗದ ಕೊಟ್ಟು ಬಸ್ಸಿಗೆ ಕಳಿಸಿದರು. ದೊಡ್ಡ ಪ್ರಿಂಟು ನಡುಮನೆಯ ಮೇಜಿನ ಮೇಲೆ, ನಾಲ್ಕು ಲೋಟದ ನಡುವೆ ಹಾಗೇ ಇತ್ತು. ಅಜ್ಜಂಪುರದಿಂದ ಬೀರೂರಿಗೆ ಬಸ್ಸು, ಅಲ್ಲಿ ಮೈಸೂರು ರೈಲಿಗೆ ಎರಡು ಗಂಟೆ ಕಾದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಒಂದು ಮನೆಯ ತಾಯಿಯನ್ನು ಕಿತ್ತುಕೊಂಡು ಬಂದವಳ ಹಾಗೆ ಸಂಕಟಪಟ್ಟೆ. ಎದ್ದು ಹೋಗಿ ನೀರು ಕುಡಿದು ಬಂದೆ, ಸಂಕಟ ಹಾಗೇ ಇತ್ತು.

ರೈಲು ಕಡೂರಿನಲ್ಲಿ ನಿಂತಾಗ ಪಾರ್ವತಮ್ಮನ ಫೋನು ಬಂತು. ಮೊದಲು ಚೆನ್ನಾಗಿ ಬೈದಳು. ಕೈಮೇಲೆ ಕೈಯಿಟ್ಟು ಹೇಳಿದ ಮಾತು ಒಂದು ದಿನವೂ ಉಳಿಯಲಿಲ್ಲವಲ್ಲ, ನಿನ್ನಂಥ ಬಾಯಿಬಡುಕಿಯನ್ನು ನೋಡಿಲ್ಲ ಎಂದಳು. ಬೈಸಿಕೊಂಡೆ. ಅವನು ಬಂದಿದ್ದಾನಾ ಎಂದು ಕೇಳಿದೆ. ಏಳಕ್ಕೆ ಬಾಗಿಲು ತೆಗೆದಾಗ ಎದುರಿಗೇ ನಿಂತಿದ್ದನಂತೆ, ಮದುವೆ ಕಾಗದ ಕೈಯಲ್ಲಿ ಹಿಡಿದು, ಇವಳ ಮುಖವನ್ನೇ ನೋಡುತ್ತ. ಈಗ ಒಳಗೆ ಊಟಕ್ಕೆ ಕೂತಿದ್ದಾನೆ ಎಂದಳು. ಆಮೇಲೆ ಅವಳ ದನಿ ತಗ್ಗಿತು.

"ಅವ್ನು ನನ್ನ ನೋಡ್ತಾ ನಿಂತ್ಕಂಡ, ನಾನು ಅವನ್ನ ನೋಡ್ತಾ ನಿಂತ್ಕಂಡೆ. ಅಕ್ಕನ ಮೂಗೇ ಕಣಕ್ಕ. ತುದಿ ಮೇಲಕ್ಕೆದ್ದು, ಹಂಗೇ ಐತೆ."

ಮೂಗು ನೋಡುವುದೇ ಕಸುಬಾಗಿದ್ದ ನಾನು ಒಂದು ಸಂಜೆ ಪೂರ್ತಿ ಆ ಮನುಷ್ಯನ ಎದುರು ಕೂತು ಅದನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಅವಳು ಅನ್ನ ಆರುತ್ತದೆ, ಇಡುತ್ತೀನಿ ಎಂದು ಫೋನು ಇಟ್ಟಳು. ರೈಲು ಹೊರಟಿತು. ಕೊಬ್ಬರಿ ವಾಸನೆ ಕಿಟಕಿಯೊಳಗೆ ಬಂದು, ಸ್ವಲ್ಪ ದೂರ ಜೊತೆಗೇ ಬಂತು.